ಕಾರ್ಡ್ ಇದೆ, ಮಾತ್ರೆ ಎಲ್ಲಿ?

ನಮ್ಮ ಊರುಗಳಲ್ಲಿ ಈಗ ಎಷ್ಟೋ ಮನೆಗಳಲ್ಲಿ ಆಯುಷ್ಮಾನ್ ಕಾರ್ಡ್ ಇದೆ. ಬಿಪಿಎಲ್ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆ ಎಂಬುದು ಸಣ್ಣ ಮಾತಲ್ಲ. ಆದರೂ ಔಷಧದಂಗಡಿಯ ಸಾಲ ಏಕೆ ತೀರುತ್ತಿಲ್ಲ? ಸ್ನೇಹಿತರೇ, ನಾವು ಈ ಪ್ರಶ್ನೆ ಕೇಳಲೇಬೇಕು ಎಂದು ನನಗನಿಸುತ್ತದೆ.

ಹಳ್ಳಿಯವರ ಚಿಕಿತ್ಸೆಗೆ ಹಣ ಹೊಂದಿಸುವ ದಾರಿಯನ್ನು ನಮ್ಮ ರಾಜ್ಯ ಬಹಳ ಮೊದಲೇ ತೋರಿಸಿದೆ. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯರು ವರ್ಷಕ್ಕೆ ಕೇವಲ 60 ರೂಪಾಯಿ ಕಟ್ಟುತ್ತಿದ್ದರು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಲೆಕ್ಕ ಹಾಕಿ ನೋಡಿ, 9 ಕೋಟಿ 60 ಲಕ್ಷ ರೂಪಾಯಿ! ಅದಕ್ಕೆ ಸರ್ಕಾರದ ನೆರವೂ ಸೇರಿತು. ಒಬ್ಬ ರೈತ ತಾನೊಬ್ಬನೇ ಹೊರಲಾರದ ಶಸ್ತ್ರಚಿಕಿತ್ಸೆಯ ಖರ್ಚನ್ನು ಲಕ್ಷಾಂತರ ರೈತರು ಹಂಚಿಕೊಂಡರು. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ವಿಲೀನವಾದ ಈ ಯೋಜನೆ 2022ರಲ್ಲಿ ಮತ್ತೆ ಜಾರಿಗೆ ಬಂತು.

ಆದರೆ ಕಾಲ ಬದಲಾಗಿದೆ. ಇಂದು ಹಳ್ಳಿಗಳನ್ನು ಕಾಡುತ್ತಿರುವುದು ಒಮ್ಮೆ ಬಂದು ಹೋಗುವ ಕಾಯಿಲೆಗಳಷ್ಟೇ ಅಲ್ಲ. ಬಿಪಿ, ಶುಗರ್ ಬಂದರೆ ಜೀವನಪೂರ್ತಿ ಮಾತ್ರೆ ಬೇಕು. ನನ್ನ ಅಜ್ಜಿಗೆ ಎರಡೂ ಇವೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೆಲವು ತಿಂಗಳು ಮಾತ್ರೆ ಸಿಗುತ್ತದೆ, ಕೆಲವು ತಿಂಗಳು "ಸ್ಟಾಕ್ ಇಲ್ಲ" ಎನ್ನುತ್ತಾರೆ. ಆಗ ಪೇಟೆಗೆ ಹೋಗಬೇಕು. ಬಸ್ ಚಾರ್ಜು, ಜೊತೆಗೆ ಹೋದವರ ಒಂದು ದಿನದ ಕೂಲಿ, ಮಾತ್ರೆಯ ಬೆಲೆ ಇವು ಯಾವುವೂ ಕಾರ್ಡಿನ ಲೆಕ್ಕಕ್ಕೆ ಬರುವುದಿಲ್ಲ. ಏಕೆಂದರೆ ಕಾರ್ಡ್ ಇರುವುದು ಆಸ್ಪತ್ರೆಗೆ ದಾಖಲಾದವರಿಗೆ. ಕೇಂದ್ರದ ಆಯುಷ್ಮಾನ್ ನಿಯಮದಂತೆ ಬಿಡುಗಡೆಯ ನಂತರ 15 ದಿನಗಳ ಔಷಧ ಸಿಗುತ್ತದೆ. 16ನೇ ದಿನದ ಮಾತ್ರೆಗೆ ಹಣ ಯಾರು ಕೊಡಬೇಕು?

ದುಡ್ಡಿಲ್ಲದೆ ಮಾತ್ರೆ ಬಿಟ್ಟವರಿಗೆ ಮುಂದೆ ಪಾರ್ಶ್ವವಾಯು ಬರಬಹುದು, ಕಿಡ್ನಿ ಹಾಳಾಗಬಹುದು. ಆಗ ಅದೇ ಕಾರ್ಡ್ ಲಕ್ಷಗಟ್ಟಲೆ ಕೊಡುತ್ತದೆ. ಸಣ್ಣ ಖರ್ಚು ಉಳಿಸಿ ದೊಡ್ಡ ಖರ್ಚು ಮಾಡುವುದು ಯಾವ ಜಾಣತನ?

ವಿಮೆ ಬೇಡ ಎಂದು ನಾನು ಹೇಳುತ್ತಿಲ್ಲ. ಹೃದಯದ ಶಸ್ತ್ರಚಿಕಿತ್ಸೆಗೆ ಅದು ಬೇಕೇ ಬೇಕು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಸುಮಾರು ಶೇ. 64 ಇತ್ತು, 2021-22ಕ್ಕೆ ಶೇ. 39ಕ್ಕೆ ಇಳಿದಿದೆ. ಇದು ಸಂತೋಷದ ವಿಷಯ. ಆದರೆ ಉಳಿದ ಭಾರವೂ ಕಡಿಮೆಯೇನಲ್ಲ. ಆರೋಗ್ಯದ ಹಣದಲ್ಲಿ ಮೂರನೇ ಎರಡು ಪಾಲು ಅಥವಾ ಅದಕ್ಕಿಂತ ಹೆಚ್ಚು ಪ್ರಾಥಮಿಕ ಆರೈಕೆಗೆ ಹೋಗಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿದೆ. ಕೋಲಾರದಲ್ಲಿ 2024ರಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಿಗೇ ಹೋಗಿ ಬಿಪಿ, ಶುಗರ್ ತಪಾಸಣೆ ಮಾಡಿ ಔಷಧ ಕೊಡುವ ಗುರಿ ಹೊಂದಿದೆ. ಇದು ಸರಿಯಾದ ದಾರಿ. ಇಂಥ ಕೆಲಸ ತಿಂಗಳು ತಪ್ಪದೆ ನಡೆಯಬೇಕು. ಅದನ್ನು ನಡೆಸುವ ಆಶಾ ಕಾರ್ಯಕರ್ತೆಯರಿಗೂ ಸಕಾಲಕ್ಕೆ ನ್ಯಾಯವಾದ ಹಣ ಸಿಗಬೇಕು.

ಯಾರಿಗಾದರೂ ಕಾಯಿಲೆ ಬಂದರೆ ನಮ್ಮ ಮೊಬೈಲ್‌ಗಳಿಗೆ ಸಹಾಯದ ಮನವಿ ಬರುತ್ತದೆ. ಎಲ್ಲ ಧರ್ಮದವರೂ ಕೈಲಾದಷ್ಟು ಕೊಡುತ್ತಾರೆ. ಈ ಮನಸ್ಸು ದೊಡ್ಡದು. ಆದರೆ ಚಿಕಿತ್ಸೆ ಎಂಬುದು ದಯೆಯ ಮೇಲೆ ಮಾತ್ರ ನಿಲ್ಲಬಾರದು, ಅದು ಹಕ್ಕಾಗಬೇಕು. ಇನ್ನೊಂದೆರಡು ವರ್ಷಗಳಲ್ಲಿ ನಾವೂ ಗ್ರಾಮಸಭೆಯಲ್ಲಿ ಕೂರುವ ಮತದಾರರು. ರಸ್ತೆ, ಚರಂಡಿಯ ಬಗ್ಗೆ ಕೇಳುವಂತೆಯೇ "ನಮ್ಮ ಆರೋಗ್ಯ ಕೇಂದ್ರದಲ್ಲಿ ಈ ತಿಂಗಳು ಬಿಪಿ ಮಾತ್ರೆ ಇದೆಯೇ?" ಎಂದೂ ಕೇಳೋಣ. ಅಲ್ಲಿಯವರೆಗೆ ನಮ್ಮ ಮನೆಯ ಹಿರಿಯರಿಂದ ಈ ಪ್ರಶ್ನೆ ಕೇಳಿಸೋಣ.