ಚಿಕ್ಕಮ್ಮ ಕಾರು ಓಡಿಸುತ್ತಿದ್ದರಂತೆ!

ಬ್ಲಾಗ್ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. ಮತ್ತೆ ಕೆಲಸದ ನೆಪ ಹೇಳ್ತಿದಾನೆ ಅಂತ ಬೈಕೋಬೇಡಿ, ಇವತ್ತು ಬರೀತಿರೋದೂ ಆ ಕೆಲಸದ ಬಗ್ಗೆಯೇ.

ನಾನು ಮೆಡಿಕಲ್ ಕೋಡರ್. ತುಮಕೂರಿನ ಸದಾಶಿವನಗರದ ನಮ್ಮನೆ ಮಹಡಿಯ ಕೋಣೆಯಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಕಡತ ಓದ್ತೀನಿ, ಡಾಕ್ಟರು ಬರೆದಿದ್ದನ್ನು ಐಸಿಡಿ ಅನ್ನೋ ಪಟ್ಟಿ ನೋಡಿ ಅಕ್ಷರ, ಅಂಕಿಗಳಿಗೆ ಇಳಿಸ್ತೀನಿ. ಕಾಲರ್ ಮೂಳೆ ಮುರಿದರೆ ಎಸ್ 42.0. ಆದರೆ ಮೂಳೆ ಮುರಿದಿದ್ದು ಹೇಗೆ? ಅದಕ್ಕೆ ಬೇರೆಯೇ ಕೋಡ್. ಕಾರಿನೊಳಗಿದ್ದವರಿಗೆ ವಿ 40ರಿಂದ 49. ಮೊದಲ ಎರಡು ಅಂಕಿ ಕಾರು ಯಾವುದಕ್ಕೆ ಗುದ್ದಿತು ಅಂತ ಹೇಳುತ್ತೆ. ಇನ್ನೊಂದು ಕಾರಿಗಾದರೆ 43, ಲಾರಿ ಬಸ್ಸಿಗಾದರೆ 44, ಮರಕ್ಕೋ ಡಿವೈಡರಿಗೋ ಆದರೆ 47, ಯಾವುದಕ್ಕೂ ಗುದ್ದದೆ ಪಲ್ಟಿಯಾದರೆ 48. ಆಮೇಲೆ ಚುಕ್ಕಿ. ಚುಕ್ಕಿ ಆದ ಮೇಲಿನ ಅಂಕಿ ನೀವು ಕಾರಿನಲ್ಲಿ ಏನಾಗಿದ್ರಿ ಅಂತ ಹೇಳುತ್ತೆ. ರಸ್ತೆ ಅಪಘಾತದಲ್ಲಿ ಓಡಿಸುತ್ತಿದ್ದವರಿಗೆ 5, ಪ್ರಯಾಣಿಕರಿಗೆ 6, ಹೊರಗೆ ನೇತಾಡುತ್ತಿದ್ದವರಿಗೆ 7, ಗೊತ್ತಿಲ್ಲದಿದ್ದರೆ 9.

ನೇತಾಡುವವರಿಗೂ ಅಂಕಿ ಇದೆಯಲ್ಲ ಅಂತ ಮೊದಲ ಸಲ ನೋಡಿದಾಗ ನಗು ಬಂದಿತ್ತು. ಶಿರಾ, ಪಾವಗಡ ಕಡೆ ಓಡಾಡಿದವರಿಗೆ ಗೊತ್ತು, ಅದು ನಗೋ ವಿಷಯ ಅಲ್ಲ. ಉರಿಯುತ್ತಿರೋ ವಾಟರ್ ಸ್ಕೀಯಿಂದ ಮೈ ಸುಟ್ಟುಕೊಂಡರೂ ಅಮೆರಿಕದವರ ಪಟ್ಟಿಯಲ್ಲಿ ಒಂದು ಕೋಡ್ ಇದೆ. ಅದಕ್ಕೆ ಈಗಲೂ ನಗ್ತೀನಿ :)

ಇರಲಿ, ವಿಷಯಕ್ಕೆ ಬರ್ತೀನಿ. 2022ರ ಕೊನೆಯಲ್ಲಿ ನಮ್ಮ ಚಿಕ್ಕಮ್ಮ ಗುಬ್ಬಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಪಕ್ಕದ ಮನೆಯವರ ಕಾರಿನಲ್ಲಿ ಬರ್ತಿದ್ರು. ಡ್ರೈವರ್ ಹಿಂದಿನ ಸೀಟು. ಮಲ್ಲಸಂದ್ರದ ಹತ್ತಿರ ಎದುರಿಂದ ಬಂದ ಲಾರಿ ಕಾರಿನ ಬಲಮಗ್ಗುಲನ್ನು ಉಜ್ಜಿಕೊಂಡು ಹೋಯಿತು. ಬಲಗಡೆ ಕಾಲರ್ ಮೂಳೆ, ಎರಡು ಪಕ್ಕೆಲುಬು. ಆಂಬುಲೆನ್ಸಿನವರು ಒಂದು ಆಸ್ಪತ್ರೆಗೆ ಸೇರಿಸಿದರು. ಚೆನ್ನಾಗಿಯೇ ನೋಡಿಕೊಂಡರು, ಅದರಲ್ಲಿ ಎರಡು ಮಾತಿಲ್ಲ.

ಡಿಸ್ಚಾರ್ಜ್ ಚೀಟಿ ಬಂದಾಗ ನನ್ನ ವೃತ್ತಿಯ ಚಾಳಿ, ಮೊದಲು ಓದಿದ್ದು ಹಿಸ್ಟರಿ ಕಾಲಂ. 'ಆರ್‌ಟಿಎ ವೈಲ್ ಡ್ರೈವಿಂಗ್ ಕಾರ್' ಅಂತಿತ್ತು. ಚಿಕ್ಕಮ್ಮ ಜನ್ಮದಲ್ಲಿ ಸೈಕಲ್ಲೂ ತುಳಿದವರಲ್ಲ! ಬರೆದವರು 'ಕಾರಿನಲ್ಲಿ ಹೋಗುತ್ತಿದ್ದಾಗ' ಅನ್ನೋ ಅರ್ಥದಲ್ಲಿ ಬರೆದಿದ್ದಾರೆ ಅಂತ ಗೊತ್ತಾಯ್ತು, ಮನೆಯವರೆಲ್ಲ ನಕ್ಕೆವು. ನಾನೂ ನಕ್ಕೆ. ದಿನಾ ಇದೇ ಅನ್ನ ತಿನ್ನೋನು ಅವತ್ತೇ ವಾಪಸ್ ಹೋಗಿ ತಿದ್ದಿಸಬೇಕಿತ್ತು, ತಿದ್ದಿಸಲಿಲ್ಲ.

ಒಂದು ವರ್ಷದ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಲಾರಿಯ ವಿಮೆ ಕಡೆಯ ವಕೀಲರು ಆ ಒಂದು ಸಾಲನ್ನು ಎತ್ತಿ ಹಿಡಿದರು. ಆಸ್ಪತ್ರೆಯ ದಾಖಲೆಯ ಪ್ರಕಾರ ಕಾರು ಓಡಿಸುತ್ತಿದ್ದವರು ಈಕೆಯೇ, ಲೈಸೆನ್ಸೂ ಇಲ್ಲ ಅಂತ. ಇದು ಬರೀ ಕಿರಿಕಿರಿಯಲ್ಲ. ಓಡಿಸುತ್ತಿದ್ದವರ ತಪ್ಪೂ ಸ್ವಲ್ಪ ಇದೆ ಅಂತಾದರೆ ಅಷ್ಟು ಪಾಲು ಅವರ ಪರಿಹಾರದಲ್ಲಿ ಕಡಿತ. ಸುಮ್ಮನೆ ಕೂತಿದ್ದ ಪ್ರಯಾಣಿಕರಿಗೆ ಆ ಕಡಿತ ಇಲ್ಲ. ಎರಡೂ ವಾಹನದವರು ತಪ್ಪು ಮಾಡಿದ್ದರೆ ಯಾರಿಂದ ಬೇಕಾದರೂ ಪೂರ್ತಿ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಅಂದರೆ ನನ್ನ ಭಾಷೆಯಲ್ಲಿ ವಿ 44.5ಕ್ಕೂ 44.6ಕ್ಕೂ ನಡುವೆ ಇರೋದು ಚಿಕ್ಕಮ್ಮನ ಆಪರೇಷನ್ ಸಾಲ. ಪೊಲೀಸರ ಚಾರ್ಜ್‌ಶೀಟಿನಲ್ಲಿ ಡ್ರೈವರ್ ಹೆಸರು ಸರಿಯಾಗಿತ್ತು, ಹಾಗಾಗಿ ಕೊನೆಗೆ ಬಚಾವ್. ಅಷ್ಟರೊಳಗೆ ಎಷ್ಟು ಮುಂದೂಡಿಕೆ, ಡಾಕ್ಟರ ಸಾಕ್ಷಿಗೆ ಎಷ್ಟು ಓಡಾಟ.. ಕೇಳಬೇಡಿ.

ನನಗೆ ತಲೆಬಿಸಿ ಆಗೋದು ಇಲ್ಲಿ. ಅಮೆರಿಕದಲ್ಲಿ ಈ ವಿ ಕೋಡ್ ಹಾಕಲೇಬೇಕು ಅನ್ನೋ ದೇಶವ್ಯಾಪಿ ಕಡ್ಡಾಯವೇ ಇಲ್ಲ. ಆದರೂ ಅಲ್ಲಿಂದ ಬರೋ ಕಡತದಲ್ಲಿ ಎಷ್ಟೋ ಸಲ ಮೊದಲ ಸಾಲೇ ಹೀಗಿರುತ್ತೆ: ಬೆಲ್ಟ್ ಹಾಕಿದ್ದ, ಮುಂದಿನ ಸೀಟಿನ ಪ್ರಯಾಣಿಕ, ಎಡಗಡೆಯಿಂದ ಇನ್ನೊಂದು ಕಾರು ಗುದ್ದಿದೆ. ನಮ್ಮಲ್ಲಿ ನಾನು ನೋಡಿದ ಚೀಟಿಗಳಲ್ಲೆಲ್ಲ 'ಆರ್‌ಟಿಎ', ಮೂರೇ ಅಕ್ಷರ. ಪಾದಚಾರಿಯೂ ಆರ್‌ಟಿಎ, ಆಟೋದಲ್ಲಿದ್ದವರೂ ಆರ್‌ಟಿಎ. ಕೋಡರ್ ಆದವನು ಊಹಿಸೋ ಹಾಗಿಲ್ಲ, ಬರೆದಿಲ್ಲದಿದ್ದರೆ ನಡೆದೇ ಇಲ್ಲ ಅನ್ನೋದು ನಮ್ಮ ಕಸುಬಿನ ಪಾಠ. ಹಾಗಾಗಿ ಅದೆಲ್ಲ ಹೋಗಿ ಬೀಳೋದು ವಿ 89.2ಕ್ಕೆ, ಯಾವುದೋ ವಾಹನ, ಯಾರೋ ಒಬ್ಬರು.

ನಮ್ಮ ಜಿಲ್ಲೆಗಂತೂ ಇದು ಸಲ್ಲ. 2020ರ ಮಾರ್ಚ್ 6ರ ನಸುಕಿನಲ್ಲಿ ಕುಣಿಗಲ್ ತಾಲೂಕಿನ ಬ್ಯಾಲದಕೆರೆ ಹತ್ತಿರ ಒಂದು ಕಾರು ಡಿವೈಡರ್ ಹಾರಿ ಎದುರಿನ ರಸ್ತೆಗೆ ಬಿತ್ತು. ಧರ್ಮಸ್ಥಳದಿಂದ ಹೊಸೂರು ಕಡೆ ವಾಪಸಾಗುತ್ತಿದ್ದವರ ವಾಹನಕ್ಕೆ ಗುದ್ದಿ, ಎರಡೂ ಕಡೆ ಸೇರಿ 13 ಜನ ಹೋದರು. 2022ರ ಆಗಸ್ಟ್ 25ರಂದು ಶಿರಾ ಹತ್ತಿರ ರಾಯಚೂರು ಕಡೆಯ ಕೂಲಿಯವರಿದ್ದ ಜೀಪು ಲಾರಿಗೆ ಗುದ್ದಿ 9 ಜನ. ಅದರೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಐಸಿಡಿ ಪ್ರಕಾರ ಕಾರು ಅಂದರೆ 10 ಜನರವರೆಗೆ ಕೂರಲೆಂದು ಮಾಡಿದ ನಾಲ್ಕು ಚಕ್ರದ ಗಾಡಿ. ಎಷ್ಟು ಜನರನ್ನು ತುಂಬಿದ್ರು ಅನ್ನೋದಕ್ಕೆ ಅಲ್ಲಿ ಅಂಕಿ ಇಲ್ಲ. ಹಿಂದಿನ ಸೀಟಾ ಮುಂದಿನದಾ ಅನ್ನೋದಕ್ಕೂ ಇಲ್ಲ. ಇಂಥ ಎರಡೂ ಅಪಘಾತಗಳಲ್ಲಿ ಸತ್ತವರಲ್ಲಿ ಹೆಚ್ಚಿನವರು ಸ್ಟೇರಿಂಗ್ ಮುಟ್ಟದವರು. ಅವರು 6 ಆಗಬೇಕು, 9 ಆಗಬಾರದು.

ರಾತ್ರಿ ಪಾಳಿಯಲ್ಲಿ ಒಬ್ಬರೇ ಡಾಕ್ಟರು, ನಾಲ್ಕು ಸ್ಟ್ರೆಚರ್, ರಕ್ತ ನಿಲ್ಲಿಸೋದು ಬಿಟ್ಟು ನಿನ್ನ ಕೋಡಿಗೆ ಕತೆ ಬರೀತಾ ಕೂರಬೇಕಾ ಅಂತ ಒಬ್ಬ ಡಾಕ್ಟರ್ ಗೆಳೆಯ ಜಗಳ ಆಡಿದ. ಒಪ್ಪುತ್ತೀನಿ. ಅದಕ್ಕೇ ನಾನು ಕೇಳೋದು ಬರವಣಿಗೆಯಲ್ಲ, ಕೇಸ್ ಶೀಟಿನ ಮೇಲೆ ಟಿಕ್ ಹಾಕೋಕೆ ಮೂರು ಚೌಕ: ಯಾವ ವಾಹನದಲ್ಲಿದ್ದರು, ಓಡಿಸುತ್ತಿದ್ದರಾ ಕೂತಿದ್ದರಾ, ಯಾವುದಕ್ಕೆ ಗುದ್ದಿತು. ನರ್ಸೋ, ರಿಜಿಸ್ಟರ್ ಬರೆಯುವವರೋ ಅರ್ಧ ನಿಮಿಷದಲ್ಲಿ ಮುಗಿಸಬಹುದು. ಬೆಲ್ಟಿಗೆ ನಾಲ್ಕನೆಯದು ಇದ್ದರೆ ಇನ್ನೂ ಒಳ್ಳೇದು, ಕೋಡಿನಲ್ಲಿ ಜಾಗ ಇಲ್ಲದಿದ್ದರೂ ಕಡತದಲ್ಲಿ ಇರಲಿ.

ಚೌಕ ಬರೋವರೆಗೆ ಜೊತೆಗೆ ಹೋದವರೇ ಬಾಯಿಬಿಟ್ಟು ಹೇಳಬೇಕು. 'ಕಾರ್ ಆಕ್ಸಿಡೆಂಟ್ ಸಾರ್' ಅಂದರೆ ಸಾಲದು. ಹಿಂದಿನ ಸೀಟಲ್ಲಿ ಕೂತಿದ್ರು, ಲಾರಿ ಗುದ್ದಿತು ಅನ್ನಿ. ಏನು ಬರೆದರು ಅಂತ ಓದಿಸಿ. ತಪ್ಪಿದ್ದರೆ ಬಿಲ್ ಕಟ್ಟೋ ಮೊದಲೇ ಡಾಕ್ಟರಿಗೆ ತೋರಿಸಿ ತಿದ್ದಿಸಿ, ಸಹಿ ಹಾಕಿಸಿ. ನನ್ನ ಹಾಗೆ ನಗ್ತಾ ಮನೆಗೆ ಬರಬೇಡಿ.

ಚಿಕ್ಕಮ್ಮ ಪಾಠ ಕಲಿತಿದ್ದಾರೆ. ಮೊನ್ನೆ ಮಂಡಿನೋವಿಗೆ ಕರ್ಕೊಂಡು ಹೋಗಿದ್ದೆ. ಡಾಕ್ಟರು "ಏನಾಯ್ತಮ್ಮಾ?" ಅಂತ ಕೇಳೋದಕ್ಕೆ ಮುಂಚೆಯೇ, "ನಾನು ಯಾವ ಗಾಡಿನೂ ಓಡಿಸ್ತಿರಲಿಲ್ಲ, ಬರ್ಕೊಳಿ" ಅಂದುಬಿಟ್ಟರು.