ಸಹಿ ಹಾಕೋ ಮುಂಚೆ ಪಕ್ಕದಲ್ಲಿ ನಮ್ಮವರೊಬ್ಬರು ಇರಲಿ

ಗುಮ್ಮಳಾಪುರದ ಕಡೆ ಹಸು ಸತ್ತರೂ, ಗಾಡಿ ಮಗುಚಿದರೂ, ಮನೆ ಯಜಮಾನರೇ ಹೋಗಿಬಿಟ್ಟರೂ ಕೊನೆಗೆ ಮನೆಗೆ ಬರೋದು ಒಂದು ಕಾಗದ. ಅದು ಇಂಗ್ಲಿಷಿನಲ್ಲಿರುತ್ತೆ. ವಿವರಿಸೋರು ತಮಿಳಿನಲ್ಲಿ ವಿವರಿಸ್ತಾರೆ. ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ನಮ್ಮ ಅಮ್ಮಂದಿರು "ಎಲ್ಲಿ ಸಹಿ ಹಾಕ್ಲಿ ಸಾರ್?" ಅಂತ ಮಾತ್ರ ಕೇಳ್ತಾರೆ. ಆ ಒಂದು ಸಹಿಗೆ ಬರಬೇಕಾದ ದುಡ್ಡು ಅರ್ಧ ಆಗಿರುತ್ತೆ, ಇಲ್ಲ ಪೂರ್ತಿ ಹೋಗಿರುತ್ತೆ.

ನಷ್ಟ ಎಷ್ಟು ಅಂತ ಅಳೆಯಲು ಬರುವ ಸರ್ವೇಯರ್‌ಗೆ ಐಆರ್‌ಡಿಎಐ ಲೈಸೆನ್ಸ್ ಇರುತ್ತೆ. ಆತ ಯಾರ ಪಕ್ಷವನ್ನೂ ವಹಿಸಬಾರದು ಅಂತ ನಿಯಮವೂ ಇದೆ. ಆದರೆ ಅವರನ್ನು ಕಳಿಸೋದು ಇನ್ಶೂರೆನ್ಸ್ ಕಂಪನಿ, ಫೀಸು ಕೊಡೋದೂ ಕಂಪನಿಯೇ. ಅಮೆರಿಕದಲ್ಲಿ ಪಾಲಿಸಿದಾರರ ಪರವಾಗಿ ಕಂಪನಿ ಜೊತೆ ಮಾತಾಡಲು 'ಪಬ್ಲಿಕ್ ಅಡ್ಜಸ್ಟರ್' ಅಂತಲೇ ಲೈಸೆನ್ಸ್ ಪಡೆದವರಿದ್ದಾರೆ. ನಮ್ಮ ದೇಶದಲ್ಲಿ ಅಂಥ ಲೈಸೆನ್ಸ್ ಇಲ್ಲ. ಹಾಗಾಗಿ "ಕ್ಲೇಮ್ ನಾವು ಮಾಡಿಸಿಕೊಡ್ತೀವಿ, ಬಂದದ್ದರಲ್ಲಿ ಪಾಲು ಕೊಡಿ" ಅಂತ ಬರೋರ ಹತ್ತಿರ ಹುಷಾರಾಗಿರಿ.

ಹಾಗಾದರೆ ನಮ್ಮ ಪರ ಯಾರು? ನಾವೇ. ಊರಿಗೆ ಮೂರು ನಾಲ್ಕು ಜನ ಓದಿದ ಹುಡುಗ ಹುಡುಗಿಯರು ಸಾಕು. ಕಮಿಷನ್ ಬೇಡ, ಬೋರ್ಡೂ ಬೇಡ. ಮಾಡಬೇಕಾದದ್ದು ಇಷ್ಟು.

ಒಂದು, ಪಾಲಿಸಿ ಮಾಡಿಸುವಾಗ ಪಕ್ಕದಲ್ಲಿ ಕೂರೋದು. ಅರ್ಜಿಯ ಭಾಷೆ ಬಾರದವರಿಂದ "ಇದರಲ್ಲಿರೋದನ್ನೆಲ್ಲ ನನಗೆ ವಿವರಿಸಿದ್ದಾರೆ, ಅರ್ಥವಾಗಿದೆ" ಅನ್ನುವ ಅರ್ಥದ ಹೇಳಿಕೆಗೆ ಸಹಿ ಪಡೀತಾರೆ. ಯಾರೂ ಕನ್ನಡದಲ್ಲಿ ವಿವರಿಸಿಲ್ಲ ಅಂದರೆ ಆ ಸಹಿ ಸುಳ್ಳು. ನಾಳೆ ಕಂಪನಿ ತೋರಿಸೋದು ಅದನ್ನೇ. ವಿವರಿಸಿದ ಮೇಲೇ ಸಹಿ.

ಎರಡು, ಪಾಸ್‌ಬುಕ್ ಓದೋದು. 436 ರೂಪಾಯಿ ಕಟ್ ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ, 20 ರೂಪಾಯಿ ಆಗಿದ್ದರೆ ಸುರಕ್ಷಾ ಬಿಮಾ. ಮೊದಲನೆಯದರಲ್ಲಿ ಸಾವಿಗೆ, ಎರಡನೆಯದರಲ್ಲಿ ಅಪಘಾತದ ಸಾವಿಗೆ, 2 ಲಕ್ಷ ರೂಪಾಯಿ. ಬ್ಯಾಂಕಿಗೆ ಬಂದು ಸತ್ತವರ ಖಾತೆ ಮುಚ್ಚಿಸಿ, ಇದ್ದ ಸಾವಿರವೋ ಎರಡು ಸಾವಿರವೋ ತಗೊಂಡು ಹೋಗೋ ಮನೆಗಳಿವೆ. ಆ ಸಾಲು ಏನಂತ ಯಾರೂ ಹೇಳಿರಲ್ಲ.

ಮೂರು, ಎಲ್ಲವನ್ನೂ ಬರವಣಿಗೆಯಲ್ಲಿ ಕೇಳೋದು. ಸರ್ವೇ ವರದಿಯ ಪ್ರತಿ ಕೇಳಿ. ಕ್ಲೇಮ್ ಆಗಲ್ಲ ಅಂದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಬರೆದುಕೊಡಲಿ. ಹಸುವಿನ ಕಿವಿಯ ಟ್ಯಾಗ್ ಬಿದ್ದುಹೋಗಿದ್ದರೆ ಹಸು ಬದುಕಿರುವಾಗಲೇ ತಿಳಿಸಿ ಹೊಸದು ಹಾಕಿಸಿ, ಸತ್ತ ಮೇಲೆ ಹೇಳಿದರೆ ಕೇಳೋರಿಲ್ಲ. ಜೀವ ವಿಮೆಯಲ್ಲಿ "ಕಾಯಿಲೆ ಮುಚ್ಚಿಟ್ಟಿದ್ದರು" ಅಂದರೆ ತಾರೀಖು ನೋಡಿ. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ 3 ವರ್ಷ ಕಳೆದ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಮಧ್ಯೆ ನಿಂತು ಮತ್ತೆ ಶುರುವಾಗಿದ್ದರೆ ಅಲ್ಲಿಂದ ಎಣಿಕೆ.

ನಾಲ್ಕು, 'ಪೂರ್ತಿ ಮತ್ತು ಅಂತಿಮ' ಅಂತಿರೋ ರಸೀದಿಗೆ ಅವಸರದಲ್ಲಿ ಸಹಿ ಹಾಕದಂತೆ ತಡೆಯೋದು. ಮೋಸದಿಂದಲೋ ಒತ್ತಡದಿಂದಲೋ ಪಡೆದ ಸಹಿ ಆದರೆ ಅದೊಂದರಿಂದಲೇ ಹಕ್ಕು ಹೋಗಲ್ಲ ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಆದರೆ ಅದನ್ನು ಸಾಬೀತು ಮಾಡೋ ಹೊರೆ ನಮ್ಮ ತಲೆ ಮೇಲೆ.

ಕೊನೆಯದು ದೂರು. ಮೊದಲು ಕಂಪನಿಗೇ ಬರೆಯಿರಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಇಲ್ಲವೇ ಉತ್ತರ ಸರಿಯಿಲ್ಲದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. 50 ಲಕ್ಷದವರೆಗಿನ ಕ್ಲೇಮ್ ಕೇಳ್ತಾರೆ, ಫೀಸಿಲ್ಲ. ಅಲ್ಲಿಗೆ ವಕೀಲರಾಗಲಿ ಏಜೆಂಟರಾಗಲಿ ದೂರು ಕೊಡುವಂತಿಲ್ಲ, ಪಾಲಿಸಿದಾರರೋ ವಾರಸುದಾರರೋ ನಾಮಿನಿಯೋ ಕೊಡಬೇಕು. ಅಂದರೆ ನಮ್ಮ ತಂಡದ ಕೆಲಸ ಬರೆದುಕೊಡೋದು, ಕಾಗದ ಜೋಡಿಸೋದು, ಬಸ್ಸು ಹತ್ತಿಸೋದು.

ಇದರಲ್ಲಿ ಗಡಿಯವರಿಗೆ ಅನುಕೂಲವಾದ ಒಂದು ಮಾತಿದೆ. ದೂರುದಾರರ ಮನೆ ಇರೋ ಕಡೆಯ ಓಂಬುಡ್ಸ್‌ಮನ್‌ಗಾದರೂ ಕೊಡಬಹುದು, ಯಾವ ಶಾಖೆಯ ಮೇಲೆ ದೂರೋ ಆ ಶಾಖೆ ಇರೋ ಕಡೆಯಾದರೂ ಕೊಡಬಹುದು. ಗುಮ್ಮಳಾಪುರದವರಿಗೆ ಮನೆ ಲೆಕ್ಕದಲ್ಲಿ ಚೆನ್ನೈ. ಪಾಲಿಸಿ ಮಾಡಿಸಿದ್ದು ಆನೇಕಲ್ಲಿನಲ್ಲೋ ಬೆಂಗಳೂರಿನಲ್ಲೋ ಆಗಿ, ದೂರು ಆ ಶಾಖೆಯ ಮೇಲೇ ಇದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರೋ ಕಚೇರಿಗೇ ಹೋಗಬಹುದು. ದೂರಕ್ಕೆ ದೂರವೂ ಕಮ್ಮಿ, ಭಾಷೆಯ ತೊಡಕೂ ಕಮ್ಮಿ.

ಶಾಲೆಗೆ ಕನ್ನಡ ಮೇಷ್ಟ್ರು ಬೇಕು ಅಂತ ಕೇಳ್ತೀವಿ, ಕೇಳ್ತಾನೇ ಇರ್ತೀವಿ. ಆದರೆ ಭಾಷೆ ಗೊತ್ತಿಲ್ಲದ್ದಕ್ಕೆ ಒಬ್ಬ ವಿಧವೆ ತನ್ನ 2 ಲಕ್ಷ ಕಳ್ಕೊಂಡರೆ ಅದೂ ಭಾಷೆಯ ಪ್ರಶ್ನೆಯೇ. ಅದಕ್ಕೆ ಯಾವ ಸರ್ಕಾರದ ಆದೇಶಕ್ಕೂ ಕಾಯಬೇಕಿಲ್ಲ.

ಈ ಭಾನುವಾರ ನಿಮ್ಮ ಮನೆಯ ಟ್ರಂಕ್ ತೆಗೆದು ಎಲ್ಲ ಪಾಲಿಸಿ ಹೊರಗಿಡಿ. ನಾಮಿನಿ ಹೆಸರು ಓದಿ ಮನೆಯವರಿಗೆ ಕನ್ನಡದಲ್ಲಿ ಹೇಳಿ. ಆಮೇಲೆ ಪಕ್ಕದ ಮನೆಗೆ ಹೋಗಿ.