ಏಳು ಕಿಲೋ ಗಂಟು

ನಮ್ಮ ಸಮಾಜದಲ್ಲಿ ಊರು ಬಿಟ್ಟು ಹೋಗುವುದೆಂದರೆ ಯಾತ್ರೆಗೆ, ಇಲ್ಲವೆ ಖರೀದಿಗೆ. ನಾನೂ ಶಿಖರ್ಜಿಗೆ ಹೋದವನು, ಗಿರನಾರಕ್ಕೆ ಹೋದವನು. ಮನೆಯಾಕೆಯೂ ಜೊತೆಗಿದ್ದಳು. ಆದರೆ ಬಸ್ಸಿನಲ್ಲಿ ನಲವತ್ತು ಜನ. ಗಂಡಸರು ಮುಂದೆ, ಹೆಂಗಸರು ಹಿಂದೆ, ಅಡಿಗೆಯ ಪಾತ್ರೆಗಳು ಮೇಲೆ. ಅಲ್ಲಿಯೂ ಆಕೆಗೆ ರೊಟ್ಟಿ ಬಡಿಯುವುದು ತಪ್ಪಲಿಲ್ಲ. ಮದುವೆಯಾಗಿ ನಲವತ್ತು ವರ್ಷ ತುಂಬಿದರೂ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ.

೨೦೨೪ರ ಫೆಬ್ರುವರಿಯಲ್ಲಿ ಹೋದೆವು. ಶ್ರೀಲಂಕೆಗೆ, ಹನ್ನೆರಡು ದಿನ. ಜೈನ ಅಡಿಗೆಯವನಿರುವ ಟೂರ್ ಕಂಪನಿ ಹುಡುಕುತ್ತೇನೆಂದು ಮಗ ಹೇಳಿದ. "ಮತ್ತ ಅದ ನಲವತ್ತು ಮಂದಿ ಏನಪಾ? ಬ್ಯಾಡ" ಎಂದಳು ಅವನ ತಾಯಿ. ಮೊಮ್ಮಕ್ಕಳ ಶಾಲೆಯ ಚೀಲದಂಥ ಎರಡು ಬೆನ್ನುಚೀಲ ಮನೆಗೆ ಬಂದವು. ಎರಡು ಜೊತೆ ಬಟ್ಟೆ, ನೀರು ಸೋಸುವ ಬಟ್ಟೆ, ಖಡಕ್ ರೊಟ್ಟಿ, ಬಳ್ಳುಳ್ಳಿ ಹಾಕದ ಶೇಂಗಾ ಚಟ್ನಿ ತುಂಬಿ ತೂಗಿದರೆ ಒಂದೊಂದು ಏಳು ಕಿಲೋ. "ನಿನ್ನ ಚೀಲವನ್ನೂ ನಾನೇ ಹೊರುತ್ತೇನೆ" ಎಂದೆ. "ನಿಮ್ಮ ಮೊಣಕಾಲು ನೀವು ಸಂಭಾಳಿಸ್ರಿ, ನನ್ನ ಚೀಲ ನಾ ಹೊರತೀನಿ" ಎಂದಳು.

ಕೊಲಂಬೋದಿಂದ ಮೊದಲು ಅನುರಾಧಪುರ. ಅದು ನಮಗೆ ತೀರ ಪರಕೀಯ ಊರಲ್ಲ. ಪಾಂಡುಕಾಭಯ ರಾಜನು ಅಲ್ಲಿ ನಿಗಂಠರಿಗೆ, ಅಂದರೆ ನಿರ್ಗ್ರಂಥರಿಗೆ, ವಸತಿ ಕಟ್ಟಿಸಿಕೊಟ್ಟನೆಂದು ಬೌದ್ಧರ 'ಮಹಾವಂಶ'ವೇ ಹೇಳುತ್ತದೆ. ಮುಂದೆ ವಟ್ಟಗಾಮಿಣಿ ಅಭಯನೆಂಬ ಅರಸ ಯುದ್ಧದಲ್ಲಿ ಸೋತು ಓಡುವಾಗ ಗಿರಿ ಎಂಬ ನಿಗಂಠ ಹಂಗಿಸಿದನಂತೆ. ಕ್ರಿ.ಪೂ. ೮೯ರಲ್ಲಿ ರಾಜ್ಯವನ್ನು ಮರಳಿ ಪಡೆದ ಅರಸ ಆ ಆರಾಮವನ್ನು ಕೆಡವಿಸಿ ಬೌದ್ಧ ವಿಹಾರ ಕಟ್ಟಿಸಿದ. ಇಬ್ಬರ ಹೆಸರೂ ಕೂಡಿ ಅದು ಅಭಯಗಿರಿಯಾಯಿತು. ಇಟ್ಟಿಗೆಯ ಆ ದೊಡ್ಡ ಸ್ತೂಪದ ಮುಂದೆ ಬರಿಗಾಲಲ್ಲಿ ನಿಂತು ಣಮೋಕಾರ ಹೇಳಿದೆವು. "ಒಂದ ಮಾತಿಗೆ ಮನೀನ ಹೋತು ನೋಡ್ರಿ" ಎಂದಳು ಮನೆಯಾಕೆ.

ಅದೇ ದಿನ ನಾನೂ ಅಂಥ ಒಂದು ಮಾತು ಆಡಿದೆ. ಬಸ್ ಸ್ಟ್ಯಾಂಡಿಗೆ ಬರಲು ರಿಕ್ಷಾದವನ ಜೊತೆ ಇನ್ನೂರು ರೂಪಾಯಿಗೆ ಚೌಕಾಸಿಗೆ ನಿಂತೆ. ಅಲ್ಲಿಯ ಇನ್ನೂರು ಎಂದರೆ ಆಗ ನಮ್ಮ ಐವತ್ತರ ಸುಮಾರು. ಹಣ ಉಳಿಯಿತು, ಬಸ್ಸು ಹೋಯಿತು. ಮುಂದಿನ ಬಸ್ಸು ತಡವಾಗಿ ಹೊರಟು ದಂಬುಲ್ಲ ಮುಟ್ಟುವಾಗ ಏಳು ದಾಟಿತ್ತು. ಅಲ್ಲಿ ಆ ದಿನಗಳಲ್ಲಿ ಸೂರ್ಯ ಆರೂ ಇಪ್ಪತ್ತರ ಸುಮಾರಿಗೆ ಮುಳುಗುತ್ತಾನೆ. ಆಕೆ ಊಟ ಬೇಡವೆಂದಳು. ನನ್ನ ತಪ್ಪು ನನಗೇ ಚುಚ್ಚುತ್ತಿತ್ತು. ಸಿಟ್ಟು ಆಕೆಯ ಮೇಲೆ ಹೋಯಿತು. "ಪರದೇಶದಲ್ಲಿ ಒಂದು ದಿನ ಕತ್ತಲಾದ ಮೇಲೆ ಉಂಡರೆ ಏನಾಗುತ್ತದೆ?" ಎಂದುಬಿಟ್ಟೆ. ಆಕೆ ಮಾತಾಡಲಿಲ್ಲ, ನೀರೂ ಮುಟ್ಟದೆ ಮಲಗಿದಳು. ನಾನು ರೊಟ್ಟಿ ಬಿಚ್ಚಿ ಉಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಪ್ರತಿ ವರ್ಷ ಕ್ಷಮಾವಣಿಯ ದಿನ ಊರಿಗೆಲ್ಲ ಕೈಮುಗಿದು ಕ್ಷಮೆ ಕೇಳುವ ನಾನು, ಮನೆಯಾಕೆಯನ್ನು ಒಂದು ಸಲವೂ ಕೇಳಿರಲಿಲ್ಲ. ಬೆಳಗಾದ ಮೇಲೆ ಕೇಳಿದೆ. "ಕ್ಷಮಾ ಇರ್ಲಿ, ಇನ್ನ ಮ್ಯಾಲೆ ಮುಂಜಾನಿ ಬಸ್ಸು ಹಿಡೀರಿ" ಎಂದಳು. ಅಂದಿನಿಂದ ನಸುಕಿನಲ್ಲೇ ಹೊರಟು, ಹೊತ್ತಿರುವಾಗಲೇ ಊರು ಸೇರಿದೆವು. ಚೌಕಾಸಿ ಬಿಟ್ಟೆ.

ಕ್ಯಾಂಡಿಯಿಂದ 'ಎಲ್ಲಾ' ಎಂಬ ಬೆಟ್ಟದೂರಿಗೆ ರೈಲಿನಲ್ಲಿ ಏಳು ತಾಸಿನ ದಾರಿ. ಆ ಹಾದಿಯ ಅತಿ ಎತ್ತರದ ಸ್ಟೇಷನ್ ಪಟ್ಟಿಪೊಲ, ೬,೨೦೦ ಅಡಿಗೂ ಮೇಲೆ. ಎರಡೂ ಕಡೆ ಚಹಾ ತೋಟ. ಕಿಟಕಿಗೆ ಮುಖವಿಟ್ಟು ಕುಳಿತ ಆಕೆ, "ನಲವತ್ತು ವರ್ಷ ಚಹಾ ಕುದಿಸೀನಿ, ಗಿಡ ಇವತ್ತ ನೋಡಿದೆ" ಎಂದಳು. ನಾನು ಏನೂ ಹೇಳಲಿಲ್ಲ. ಮರುದಿನ ಎಲ್ಲಾದ ಹತ್ತಿರದ ಒಂಬತ್ತು ಕಮಾನಿನ ಸೇತುವೆಗೆ ನಡೆದು ಹೋದೆವು. ಉಕ್ಕು ಬಳಸದೆ ಇಟ್ಟಿಗೆ, ಕಲ್ಲು, ಸಿಮೆಂಟಿನಿಂದ ೧೯೨೧ರಲ್ಲಿ ಮುಗಿದ ಕೆಲಸ ಅದು. ೨೦೨೫ರ ನವೆಂಬರಿನ ಚಂಡಮಾರುತದಿಂದ ಈ ರೈಲು ಹಾದಿಗೆ ದೊಡ್ಡ ಪೆಟ್ಟು ಬಿತ್ತು. ಹೋಗುವವರು ಮೊದಲು ವಿಚಾರಿಸಿಕೊಳ್ಳಬೇಕು.

ಊಟದ ವಿಷಯ ಹೇಳಲೇಬೇಕು. ಅಲ್ಲಿ ಕೊಬ್ಬರಿ ಚಟ್ನಿಗೂ ಪಲ್ಯಕ್ಕೂ 'ಉಂಬಲಕಡ' ಎಂಬ ಒಣಮೀನಿನ ಪುಡಿ ಹಾಕುವುದುಂಟು, ಕಣ್ಣಿಗೆ ಕಾಣುವುದಿಲ್ಲ. ಕೇಳದೆ ಬಾಯಿಗಿಡಬಾರದು. "ಮಸ್, ಮಾಳು, ಬಿತ್ತರ ಎಪಾ" ಎಂದರೆ ಮಾಂಸ, ಮೀನು, ಮೊಟ್ಟೆ ಬೇಡ ಎಂದರ್ಥ. "ಉಂಬಲಕಡ ಎಪಾ" ಎಂದೂ ಸೇರಿಸಬೇಕು. ಮನೆಯಾಕೆ ಇದನ್ನು ಮೊದಲ ದಿನವೇ ಕಲಿತಳು. ನನಗೆ ಕೊನೆಯವರೆಗೂ ಚೀಟಿ ಬೇಕಾಯಿತು. ಅಕ್ಕಿಹಿಟ್ಟಿನ ಒತ್ತುಶಾವಿಗೆ, ಬಾಳೆಹಣ್ಣು, ಕೆಂಪು ಎಳನೀರು ಎಲ್ಲ ಕಡೆ ಸಿಗುತ್ತವೆ. ಉಳಿದದ್ದಕ್ಕೆ ನಮ್ಮ ರೊಟ್ಟಿ ಇತ್ತು.

ಪರಿಗ್ರಹ ಪರಿಮಾಣ ವ್ರತದ ಮಾತನ್ನು ಬಸದಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅದರ ತೂಕ ತಿಳಿದದ್ದು ಬೆನ್ನಿಗೆ ಚೀಲ ಬಿದ್ದಾಗ. ಇಬ್ಬರ ಹನ್ನೆರಡು ದಿನದ ಬಾಳು ಹದಿನಾಲ್ಕು ಕಿಲೋದಲ್ಲಿ ನಡೆಯಿತು. ಮನೆಯಲ್ಲಿ ಕೋಣೆ ತುಂಬ ಪೆಟ್ಟಿಗೆಗಳಿವೆ. ಓದುಗ ಬಂಧುಗಳೇ, ಮೊಣಕಾಲು ಗಟ್ಟಿ ಇರುವಾಗಲೇ ಒಮ್ಮೆ ಇಬ್ಬರೇ ಹೋಗಿ ಬನ್ನಿ. ದೂರವೇ ಆಗಬೇಕೆಂದಿಲ್ಲ.

ಆಕೆಯ ಚೀಲ ಇನ್ನೂ ಅಡಿಗೆಮನೆಯ ಗೂಟದಲ್ಲಿದೆ, ಅಟ್ಟಕ್ಕೆ ಹೋಗಿಲ್ಲ. ಮುಂದಿನ ಊರು ಯಾವುದೆಂದು ಈ ಸಲ ಆಕೆಯೇ ಹೇಳಲಿ.

ಜಯ ಜಿನೇಂದ್ರ.